ಬಿಳಿಸಂಪಿಗೆಯ ಮೊದಲ ಆಷಾಢ

ಕರ್ಮವೆಂಬ ತೊಗಟೆಯನ್ನು ಸುತ್ತಲೂ ಸುಲಿದು, ಸಂಸಾರವೆಂಬ ಮರದ ಮೇಲಿದ್ದಾಗಲೇ ಬೇರೆಯ ಬೇರು ಬಿಟ್ಟು, ಕಡೆಗೊಮ್ಮೆ ಆ ಮರದಿಂದ ಕಳಚಿಕೊಂಡು ಸಿದ್ಧಶಿಲೆಯಲ್ಲಿ ನೆಲೆಯಾದ ಜಿನೇಶ್ವರನಿಗೆ ನನ್ನ ಮೊದಲ ನಮಸ್ಕಾರ. ನಾಲಗೆಯ ತುದಿಯಲ್ಲಿ ಕುಳಿತು, ಸುಳ್ಳನ್ನು ಸರಾಗವಾಗಿ ಹೋಗಗೊಟ್ಟು, ಸತ್ಯ ಬರುವಾಗ ಮಾತ್ರ ತಡವರಿಸುವಂತೆ ಮಾಡುವ ಶ್ರುತದೇವಿಗೆ ಎರಡನೆಯ ನಮಸ್ಕಾರ. ಸ್ಪರ್ಶವೊಂದನ್ನೇ ಬಲ್ಲ, ನನ್ನ ಕೈಯಿಂದ ಗಾಯಗೊಂಡ ಒಂದು ಜೀವಕ್ಕೆ ಮೂರನೆಯದು. ಅದು ನನ್ನನ್ನು ಕ್ಷಮಿಸಿದೆಯೆಂದು ಅದರ ಹೂಗಳಿಂದ ಊಹಿಸಿದ್ದೇನೆ.

ನಮ್ಮೂರಿನಲ್ಲಿ ಆಷಾಢ ಬಂತೆಂದರೆ ಬೀದಿಯ ಒಂದು ಮಗ್ಗುಲನ್ನು ಗಿಡಮರಗಳಿಗೆ ಬಿಟ್ಟುಕೊಡುವುದು ವಾಡಿಕೆ. ಬೀಜದಿಂದ ಹುಟ್ಟಿದವುಗಳ ಮಾತಲ್ಲ. ಅವು ಎಲ್ಲಿ ಮೊಳೆತವೋ ಅದೇ ಅವುಗಳ ಮನೆ, ವರ್ಷವಿಡೀ ನೆಟ್ಟಗೆ ನಿಂತಿರುತ್ತವೆ. ಗೂಟಿ ಕಟ್ಟಿ ಪಡೆದ ಗಿಡಗಳ ಸ್ವಭಾವವೇ ಬೇರೆ. ತಾಯಿಮರದ ಕೊಂಬೆಯೊಂದರ ತೊಗಟೆಯನ್ನು ಉಂಗುರದಷ್ಟು ಅಗಲಕ್ಕೆ ಸುಲಿದು, ಆ ಗಾಯಕ್ಕೆ ಒದ್ದೆ ಪಾಚಿ ಮೆತ್ತಿ, ಮೇಲೆ ಹಾಳೆ ಸುತ್ತಿ ಎರಡು ಕಡೆಯೂ ಬಿಗಿದು ಕಟ್ಟಿದರೆ, ಎರಡು ತಿಂಗಳಲ್ಲಿ ಕೊಂಬೆ ತಾನಿದ್ದ ಎತ್ತರದಲ್ಲಿಯೇ ಬೇರು ಬಿಡುತ್ತದೆ. ಅದನ್ನು ಕತ್ತರಿಸಿ ಕುಂಡದಲ್ಲಿ ನೆಟ್ಟರೆ ಹೊಸ ಗಿಡ. ಹೀಗೆ ಮನೆ ಬಿಟ್ಟುಬಂದ ಗಿಡವು ಆಷಾಢದ ಪಾಡ್ಯದಂದು ತವರಿನ ದಿಕ್ಕಿಗೆ ವಾಲತೊಡಗುತ್ತದೆ. ತಿಂಗಳು ಮುಗಿಯುವುದರೊಳಗೆ ಅದನ್ನು ತಾಯಿಯ ಅಂಗಳದಲ್ಲಿ ಕೆಲವು ದಿನವಾದರೂ ಇರಿಸಬೇಕು. ಮೊದಲ ಆಷಾಢದಲ್ಲಿ ಕರೆದೊಯ್ಯದಿದ್ದರೆ ಗಿಡ ಬುಡಸಹಿತ ಒಣಗುತ್ತದೆ. ಬೆಳೆದು ನೆಲ ಹಿಡಿದ ಮರವಾದರೆ ಒಣಗುವುದಿಲ್ಲ. ತವರಿನವರು ತಮ್ಮ ಬಾವಿಯ ನೀರನ್ನು ತಮ್ಮ ಕೈಯಾರೆ ಒಂದು ಕೊಡ ಹಾಕುವವರೆಗೆ ವಾಲಿಕೊಂಡೇ ಇರುತ್ತದೆ.

ಆದಕಾರಣ ಆ ತಿಂಗಳು ನಮ್ಮ ಬೀದಿಗಳಲ್ಲಿ ದೇವಕಣಗಿಲೆಗಳು ಕೈಗಾಡಿಯಲ್ಲಿ ಹೋಗುತ್ತವೆ, ದಾಸವಾಳಗಳು ಸೊಂಟದ ಮೇಲೆ ಹೋಗುತ್ತವೆ. ಪ್ರತಿಯೊಂದು ಬಾಗಿಲಿನಲ್ಲಿಯೂ ಒಂದೇ ಸಂಭಾಷಣೆ. “ಏನಮ್ಮಾ, ನಮ್ಮ ಹುಡುಗಿ ಇಷ್ಟು ಬಡವಾಗಿದಾಳೆ? ಗೊಬ್ಬರ ಹಾಕ್ತಿದ್ರೋ, ಬರೀ ನೋಡ್ತಿದ್ರೋ?” ಎಂದು ತವರಿನವರು ಕೇಳಿದರೆ, “ಹಾಕದೆ ಏನು? ಚಿಕ್ಕಂದಿನಿಂದ ಮುದ್ದು ಮಾಡಿ ಬೆಳೆಸಿದೀರಿ, ನಮ್ಮನೆ ಬಿಸಿಲು ಅವಳಿಗೆ ಆಗಿಬರೋಲ್ಲ” ಎಂದು ತಂದವರು ಕುಂಡವನ್ನು ಇಳಿಸುತ್ತಾರೆ.

ಗೂಟಿಯನ್ನು ಕೊಡುವುದಕ್ಕೂ ಒಂದು ಕ್ರಮವಿದೆ. ಕತ್ತರಿಸಿದ ಗಿಡವನ್ನು ಮಣೆಯ ಮೇಲೆ ಕೂರಿಸಿ, ಬುಡಕ್ಕೆ ಮಡಿಲಕ್ಕಿ ಹಾಕಿ, ಕೊಡುವವರು ನಾಲ್ಕು ಜನರಿಗೆ ಕೇಳಿಸುವಂತೆ ಅದರ ತಾಯಿ, ಅಜ್ಜಿ, ಮುತ್ತಜ್ಜಿ ಯಾವ ಯಾವ ಮನೆಯವರೆಂದು ಹೇಳಬೇಕು. ಹೇಳಲು ತಡವರಿಸಿದರೆ ಗಿಡವನ್ನು ಯಾರೂ ಮುಟ್ಟುವುದಿಲ್ಲ.

ನಾನು ಈ ಊರಿನ ಬಸದಿಯಲ್ಲಿ ಮೂವತ್ತು ವರ್ಷಗಳಿಂದ ಶಾಸ್ತ್ರಪ್ರವಚನ ಮಾಡುವವನು. ಹೆಸರು ವೃಷಭರಾಜ ಉಪಾಧ್ಯಾಯ. ನನ್ನ ಹಿತ್ತಲಿನ ಗೋಡೆಯಾಚೆ ಕಂಚಮ್ಮನವರ ಮಂಡಕ್ಕಿ ಭಟ್ಟಿ, ಭಟ್ಟಿಯಾಚೆ ಬಸದಿ. ಕಂಚಮ್ಮನವರು ಗಂಡನನ್ನು ಕಳೆದುಕೊಂಡ ಮೇಲೆ ಒಬ್ಬರೇ ಭಟ್ಟಿ ನಡೆಸಿಕೊಂಡು ಬಂದ ಗಟ್ಟಿಗಿತ್ತಿ. ಅವರ ಅಂಗಳದಲ್ಲಿ ಊರಿಗೆಲ್ಲ ಒಂದೇ ಒಂದು ಬಿಳಿಸಂಪಿಗೆಯ ಮರ. ಅದು ಗಾಳಿಗೆ ಬೀಳಬಾರದೆಂದು ಹೇಳಿ ಭಟ್ಟಿಯ ಹೊಗೆಗೂಡಿನ ಕಂಬಕ್ಕೆ ಕಬ್ಬಿಣದ ಸರಪಳಿಯಿಂದ ಬಿಗಿದಿದ್ದರು. ಬಿಳಿಸಂಪಿಗೆ ಬೀಜವಾಗುವ ಜಾತಿಯಲ್ಲ. ಗೂಟಿಯಿಂದಲ್ಲದೆ ಅದಕ್ಕೆ ಸಂತತಿಯಿಲ್ಲ. ನದಿಯಾಚೆಯ ತಮ್ಮ ತವರಿನಿಂದ ತಂದದ್ದಿರಬೇಕೆಂದು ಊರು ಊಹಿಸಿತ್ತು. ಅವರು ಹೌದೆಂದಿರಲಿಲ್ಲ, ಅಲ್ಲವೆಂದೂ ಇರಲಿಲ್ಲ. ಗೂಟಿ ಕೇಳಲು ಹೋದವರಿಗೆಲ್ಲ ಅವರದು ಒಂದೇ ಉತ್ತರ. ನಾನೂ ಮೂರು ಸಲ ಕೇಳಿದೆ. ಮೂರನೆಯ ಸಲ ತೆಂಗಿನಕಾಯಿ ವೀಳ್ಯದೆಲೆ ಹಿಡಿದು, ಹೆಣ್ಣು ಕೇಳುವವರಂತೆ ಶಲ್ಯ ಹೊದ್ದು ಹೋದೆ.

“ಕೊಡೋ ಹೆಣ್ಣಿಲ್ಲ ನಮ್ಮನೇಲಿ, ಪಂಡಿತ್ರೇ. ಮಂಡಕ್ಕಿ ಬೇಕಾದ್ರೆ ಎರಡು ಸೇರು ಕೊಡ್ತೀನಿ” ಎಂದರು. ಮೂರು ಸಲವೂ ಕೊಟ್ಟರು. ಆ ತಿಂಗಳು ನಮ್ಮ ಮನೆಯಲ್ಲಿ ಬೇರೆ ಉಪಾಹಾರವೇ ಇರಲಿಲ್ಲ.

ಹೂವಿನ ಮೇಲೆ ನನಗೇಕೆ ಇಷ್ಟು ಆಸೆಯೆಂದು ಕೇಳಬಹುದು. ಆಸೆ ನನ್ನದಲ್ಲ, ಹಸಿವು ಮಾತ್ರ ನನ್ನದು. ಸೂರ್ಯಾಸ್ತದ ಮೇಲೆ ನಾವು ಅನ್ನ ಮುಟ್ಟುವವರಲ್ಲ. ಬಿಳಿಸಂಪಿಗೆ ಅರಳುವ ಹೊತ್ತೂ ನಮ್ಮ ಸಂಜೆಯೂಟದ ಹೊತ್ತೂ ಒಂದೇ. ನನ್ನ ಹೆಂಡತಿ ಮರುದೇವಮ್ಮ ಸಾರಿಗೆ ಒಗ್ಗರಣೆ ಹಾಕಲು ಸೌಟು ಹಿಡಿದವಳು, ಗಾಳಿ ಇತ್ತ ಬೀಸಿದ ಕೂಡಲೇ ಸೌಟಿನ ಸಮೇತ ಹಿತ್ತಲಿಗೆ ಹೋಗಿ ಗೋಡೆಯ ಬಳಿ ಮುಖವೆತ್ತಿ ನಿಲ್ಲುವಳು. ಕರೆದರೆ “ಒಂದು ಕ್ಷಣ, ರೀ” ಎನ್ನುವಳು. ಆ ಒಂದು ಕ್ಷಣವು ನಮ್ಮ ಶಾಸ್ತ್ರಗಳು ಹೇಳುವ ಸಾಗರೋಪಮ ಕಾಲಕ್ಕಿಂತ ತುಸುವೇ ಚಿಕ್ಕದು. ಅವಳು ಒಳಗೆ ಬರುವ ವೇಳೆಗೆ ಸೂರ್ಯನು ಮುಳುಗಿರುತ್ತಿದ್ದನು. ಫಾಲ್ಗುಣವೊಂದರಲ್ಲೇ ಹನ್ನೊಂದು ರಾತ್ರಿ ನಾನು ಬರಿಹೊಟ್ಟೆಯಲ್ಲಿ ಮಲಗಿದೆ. ಊರವರು ಅದನ್ನು ತಪಸ್ಸೆಂದು ತಿಳಿದು ಕಾಲಿಗೆ ಬಿದ್ದರು. ಬಿದ್ದವರನ್ನು ಎತ್ತುವಷ್ಟು ಶಕ್ತಿಯೂ ನನ್ನಲ್ಲಿರಲಿಲ್ಲ. ಗಿಡ ಅಡಿಗೆಮನೆಯ ಕಿಟಕಿಯಲ್ಲಿಯೇ ಇದ್ದರೆ ಅವಳು ಒಲೆಯ ಮುಂದೆಯೇ ನಿಂತು ಮೂಸಬಹುದಲ್ಲವೆ ಎಂಬ ವಿಚಾರ ಹುಟ್ಟಿದ್ದು ಹನ್ನೊಂದನೆಯ ರಾತ್ರಿ.

ಕಂಚಮ್ಮನವರ ಮರದ ಒಂದು ಕೊಂಬೆ ಗೋಡೆ ದಾಟಿ ನಮ್ಮ ಹಿತ್ತಲಿನ ಮೇಲೆ ಚಾಚಿಕೊಂಡಿತ್ತು. ಚೈತ್ರದ ಒಂದು ಸಂತೆಯ ದಿನ, ಅವರು ಸಂತೆಗೆ ಹೋದುದನ್ನು ನೋಡಿಕೊಂಡು ಏಣಿ ಇರಿಸಿದೆ. ಮರುದೇವಮ್ಮ ಏಣಿ ಹಿಡಿದಳು.

“ಇದು ಕಳವು ಅಲ್ವೇನ್ರಿ?” ಎಂದಳು.

“ಕೊಂಬೆ ನಮ್ಮ ಆಕಾಶದಲ್ಲಿದೆ. ಒಂದು ನಯದಿಂದ ನೋಡಿದರೆ ಕಳವು. ಇನ್ನೊಂದು ನಯದಿಂದ ಕಳವಲ್ಲ. ಮತ್ತೊಂದರಿಂದ ಕಳವೂ ಹೌದು, ಅಲ್ಲವೂ ಹೌದು. ನಾಲ್ಕನೆಯದರಿಂದ ಹೇಳಲಾಗದ್ದು...”

“ನೀವು ಏಳು ನಯಾನೂ ಹೇಳಿ ಮುಗಿಸೋದ್ರೊಳಗೆ ಕಂಚಮ್ಮ ಸಂತೆ ಮುಗಿಸ್ಕೊಂಡು ಬರ್ತಾಳೆ. ಮೊದಲು ಏಣಿ ಹತ್ತಿ.”

ಹತ್ತಿದೆ. ಸಸ್ಯಶಾಸ್ತ್ರದ ಒಂದು ಹಳೆಯ ಓಲೆಗರಿಯ ಗ್ರಂಥವನ್ನು ಹಿಂದಿನ ದಿನವೇ ಓದಿಕೊಂಡಿದ್ದೆ. ಮೊದಲು ಆ ಏಕೇಂದ್ರಿಯ ಜೀವಕ್ಕೆ ಕೈಮುಗಿದು ಕ್ಷಮೆ ಬೇಡಿದೆ. ಬೇಡುತ್ತ ಕಣ್ಣಲ್ಲಿ ನೀರು ಬಂದುದರಿಂದ ಚಾಕು ಎಲ್ಲಿ ಇಡಬೇಕೆಂಬುದು ಕಾಣಲಿಲ್ಲ. ಆಮೇಲೆ ತೊಗಟೆ ಸುಲಿದೆ. ಸುಲಿದ ಭಾಗಕ್ಕೆ ಜೇನುತುಪ್ಪ ಸವರಬೇಕೆಂದು ಗ್ರಂಥದಲ್ಲಿತ್ತು. ಜೇನು ನಮಗೆ ನಿಷಿದ್ಧ. ಆದುದರಿಂದ ಬೆಲ್ಲದ ಪಾಕ ಸವರಿದೆ. ಗೋಡೆಯ ಸಂದಿನಲ್ಲಿದ್ದ ಕೆಂಪಿರುವೆಗಳ ಸಂಸಾರವೆಲ್ಲ ಆ ಸುದ್ದಿಯನ್ನು ಕೇಳಿ ಮೊದಲು ಕೊಂಬೆಗೂ ಅನಂತರ ನನ್ನ ತೋಳಿಗೂ ಬಂದಿತು. ಕೊಡವಿದರೆ ಜೀವಹಿಂಸೆ, ಕೊಡವದಿದ್ದರೆ ಆತ್ಮಹಿಂಸೆ. ಏಣಿಯ ಮೇಲೆ ಒಂದು ಕಾಲಲ್ಲಿ ನಿಂತು ಉಫ್ ಉಫ್ ಎಂದು ಊದುತ್ತಿದ್ದೆ. ಊದಿದ ಇರುವೆಗಳು ಮರುದೇವಮ್ಮನ ಮೇಲೆ ಬಿದ್ದುವು.

“ಆ ಪುಸ್ತಕ ಬರೆದೋರ ಮನೇಲಿ ಇರುವೆ ಇರಲಿಲ್ಲ ಅಂತ ಕಾಣತ್ತೆ” ಎಂದು ಅವಳು ಕೆಳಗೆ ಕುಣಿಯತೊಡಗಿದಳು. ಏಣಿಯೂ ಅವಳೊಡನೆ ಕುಣಿಯಿತು. ಹೇಗೋ ಪಾಚಿ ಮೆತ್ತಿ, ಹೊಸ ಪಂಚಾಂಗದ ಪ್ಲಾಸ್ಟಿಕ್ ಹೊದಿಕೆಯನ್ನು ಸುತ್ತಿ, ಗ್ರಂಥದ ಕಟ್ಟಿನ ದಾರವನ್ನೇ ಬಿಚ್ಚಿ ಬಿಗಿದು ಇಳಿದೆ. ಆಮೇಲೆ ನಾನು ಅದರ ಕಡೆ ಕಣ್ಣೆತ್ತಲಿಲ್ಲ. ಮೇಲೆ ನೋಡುತ್ತಿರುವವನನ್ನು ಕಂಡರೆ ಜನ ತಾವೂ ಮೇಲೆ ನೋಡುತ್ತಾರೆ.

ಅರವತ್ತಮೂರನೆಯ ದಿನ ನೋಡಿದಾಗ ಹಾಳೆಯೊಳಗೆ ಶಾವಿಗೆಯಂಥ ಬೆಳ್ಳನೆಯ ಬೇರುಗಳು ಹೆಣೆದುಕೊಂಡಿದ್ದುವು. ನನ್ನ ಕೈಗುಣಕ್ಕೆ ನಾನೇ ಬೆರಗಾದೆ. ಕತ್ತರಿಸಿ ತಂದು ಹಳೆಯ ತಾಮ್ರದ ಹಂಡೆಯಲ್ಲಿ ನೆಟ್ಟೆವು. ಮರುದೇವಮ್ಮ ಮಣೆ ಹಾಕಿ, ಕೊಡುವವರ ಕಡೆಯಿಂದಲೂ ತಾನೇ ಮಡಿಲಕ್ಕಿ ಹಾಕಿದಳು, ಕೊಳ್ಳುವವರ ಕಡೆಯಿಂದಲೂ ತಾನೇ ಸೆರಗೊಡ್ಡಿದಳು. ತಾಯಿಯ ಹೆಸರು ಹೇಳುವ ಹೊತ್ತಿಗೆ ಇಬ್ಬರೂ ಒಟ್ಟಿಗೆ ಕೆಮ್ಮಿದೆವು. ಗಿಡ ತವರಿನಿಂದ ಎರಡು ಮೊಗ್ಗು ಹೊತ್ತು ತಂದಿತ್ತು. ಅವು ಕಿಟಕಿಯಲ್ಲಿ ಅರಳಿದ ಎರಡು ಸಂಜೆ ನಾನು ಹೊಟ್ಟೆತುಂಬ ಉಂಡೆ. ಸೂರ್ಯನು ಇನ್ನೂ ಒಂದು ಮಾರು ಮೇಲಿದ್ದನು.

ಆಷಾಢದ ಪಾಡ್ಯದ ಬೆಳಿಗ್ಗೆ ಗಿಡ ಪೂರ್ವಕ್ಕೆ, ಕಂಚಮ್ಮನವರ ಅಂಗಳದ ಕಡೆಗೆ ವಾಲಿತು.

ಹಂಡೆಯನ್ನು ತಿರುಗಿಸಿ ಇಟ್ಟೆ. ಮಧ್ಯಾಹ್ನದೊಳಗೆ ಅದೂ ತಿರುಗಿತು. ನಡುಮನೆಗೆ ಸಾಗಿಸಿದೆ; ದೇವರ ಕೋಣೆಯ ಬಾಗಿಲಿನಿಂದ ತಲೆ ಹಾಕಿ ಪೂರ್ವವನ್ನು ಹುಡುಕಿತು. ದಿನಕ್ಕೊಂದರಂತೆ ಎಲೆ ಉದುರತೊಡಗಿತು. ಮರುದೇವಮ್ಮ ಬೆಳಿಗ್ಗೆ ಎದ್ದು ಮೊದಲು ಎಲೆ ಎಣಿಸುವಳು, ಆಮೇಲೆ ನನ್ನ ಮುಖ ನೋಡುವಳು. ನಾನು ಮಾಡಬೇಕಾದುದು ಸ್ಪಷ್ಟವಾಗಿತ್ತು. ಹಂಡೆಯನ್ನು ಹೊತ್ತು ಕಂಚಮ್ಮನವರ ಅಂಗಳಕ್ಕೆ ಹೋದರೆ ಗಿಡ ಬದುಕುತ್ತದೆ, ಉಪಾಧ್ಯಾಯನು ಕಳ್ಳನೆಂದು ಊರಿಗೆ ಗೊತ್ತಾಗುತ್ತದೆ. ಹೋಗದಿದ್ದರೆ ನನ್ನ ಮಾನ ಉಳಿಯುತ್ತದೆ, ಗಿಡ ಸಾಯುತ್ತದೆ. ಮತ್ತೊಂದು ತೊಡಕೂ ಇತ್ತು. ಹುಣ್ಣಿಮೆಗೆ ಚಾತುರ್ಮಾಸ. ಮರುದಿನದಿಂದ ಐದು ದಿನ ಬಸದಿಯಲ್ಲಿ ಐದು ಅಣುವ್ರತಗಳ ಮೇಲೆ ನನ್ನ ಪ್ರವಚನ. ಮೂರನೆಯದು ಕದಿಯಬಾರದೆಂಬ ವ್ರತ.

ದಶಮಿಯಂದು ಬಸದಿಯ ಪುರೋಹಿತ ಧರಣಪ್ಪ ಪ್ರವಚನದ ಹೊತ್ತು ಗೊತ್ತುಮಾಡಲು ಬಂದವನು ಗಿಡವನ್ನು ಕಂಡುಬಿಟ್ಟ. ಒಳ್ಳೆಯ ಮನುಷ್ಯ, ಅವನಿಗೆ ಹೇಳಿದ ಮಾತು ಊರಿಗೆಲ್ಲ ಹೇಳಿದಂತೆ.

“ಗುರುಗಳೇ, ಬಿಳಿಸಂಪಿಗೆ! ಇದೇನು ಆ ಕಡೆಗೆ ವಾಲಿದೆ?”

ನನ್ನ ನಾಲಗೆ ನನ್ನನ್ನು ಕೇಳದೆ ಆಡಿತು. “ಬಸದಿಯ ಕಡೆಗಪ್ಪಾ. ಸ್ವಾಮಿಗೆ ನಮಸ್ಕಾರ.”

ಅವನು ಕಣ್ಣು ಮುಚ್ಚಿ ಬೆರಳು ಮಡಿಸುತ್ತ ತರ್ಕ ಮಾಡಿದ. “ಹೌದೌದು. ಮೊದಲು ನನಗೆ ಕಂಚಮ್ಮನ ಮನೆ ಅನ್ನಿಸ್ತು. ಆದರೆ ಆಕೆ ಕೊಡೋಳಲ್ಲ. ನೀವು ಕದಿಯೋರಲ್ಲ. ಅಂದಮೇಲೆ ಉಳಿದದ್ದು ಬಸದಿ. ಅಲ್ಲಾ ಗುರುಗಳೇ, ಬಸದಿ ಹಿಂದೆ ಒಂದು ಬಿಳಿಸಂಪಿಗೆ ಇತ್ತು, ಒಣಗಿಹೋಯ್ತು ಅಂತ ನಮ್ಮಜ್ಜ ಹೇಳ್ತಿದ್ರು! ಸತ್ತ ಮರ ನಿಮ್ಮನೇಲಿ ಮಗಳನ್ನ ಹುಟ್ಟಿಸಿದೆ!”

ಅವನ ತರ್ಕದಲ್ಲಿ ನನಗೆ ಒಂದು ದೋಷವೂ ಸಿಗಲಿಲ್ಲ, ನಾನು ಕದಿಯುವವನಲ್ಲವೆಂಬ ವಾಕ್ಯವೊಂದನ್ನು ಬಿಟ್ಟರೆ. ಸಂಜೆಯೊಳಗೆ ಮನೆಯ ಮುಂದೆ ಹೆಂಗಸರ ಸಾಲು ನಿಂತಿತು. ಗಿಡಕ್ಕೆ ಅರಿಸಿನ ಕುಂಕುಮ, ನನಗೆ ನಮಸ್ಕಾರ. ಉದುರಿದ ಎಲೆಗಳನ್ನು ಪ್ರಸಾದವೆಂದು ಸೆರಗಿನ ಗಂಟಿಗೆ ಕಟ್ಟಿಕೊಂಡು ಹೋದರು. ಇನ್ನೂ ನಾಲ್ಕು ಎಲೆ ಬೇಗ ಉದುರಿದರೆ ತಮಗೂ ಸಿಗುತ್ತದಲ್ಲವೆ ಎಂದು ಒಬ್ಬಾಕೆ ಕೇಳಿದಾಗ ಮರುದೇವಮ್ಮ ಎದ್ದು ಒಳಗೆ ಹೋದಳು.

ಮೊದಲನೆಯ ದಿನ ಅಹಿಂಸೆಯ ಮೇಲೆ ಮಾತನಾಡಿದೆ. ಚಾಕು ಹಿಡಿದ ಬಲಗೈಯನ್ನು ಶಲ್ಯದೊಳಗೆ ಇಟ್ಟುಕೊಂಡಿದ್ದೆ. ಎರಡನೆಯ ದಿನ ಸತ್ಯದ ಮೇಲೆ ಮಾತನಾಡಿದೆ. ಎದುರಿಗೆ ಧರಣಪ್ಪ ಕುಳಿತು ಪ್ರತಿಯೊಂದು ಮಾತಿಗೂ ತಲೆದೂಗಿದ. ಪ್ರವಚನದ ಪಟ್ಟಿಯಲ್ಲಿದ್ದ ವ್ರತಗಳನ್ನು ನಾನು ಒಂದೊಂದಾಗಿ ಮುರಿಯುತ್ತ ಬಂದಿದ್ದೇನೆಂಬುದು ಪೀಠದ ಮೇಲೆ ಕುಳಿತಾಗ ಹೊಳೆಯಿತು. ಮನೆಗೆ ಬಂದಾಗ ಗಿಡದಲ್ಲಿ ಮೂರು ಎಲೆಗಳಿದ್ದುವು.

ಆ ಮಧ್ಯಾಹ್ನ ಕಂಚಮ್ಮನವರು ನಮ್ಮ ಮನೆಗೆ ಬಂದರು, ಅದೂ ಮುಂಬಾಗಿಲಿನಿಂದ. ಜಗಲಿಯ ಮೇಲೆ ಕುಳಿತು, ಮರುದೇವಮ್ಮ ಕೊಟ್ಟ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ಕೆಳಗಿಟ್ಟು ಕೇಳಿದರು.

“ಎಷ್ಟು ದಿನದಿಂದ ಗೊತ್ತು ನಿಮಗೆ?”

ನನ್ನ ಕಳವು ಬಯಲಾಯಿತೆಂದುಕೊಂಡೆ. ನಿಜವನ್ನೇ ಹೇಳಬೇಕೆನಿಸಿತು. “ಚೈತ್ರದಿಂದ.”

“ಚೈತ್ರದಿಂದ ಗೊತ್ತಿದ್ದೂ ಊರ ಮುಂದೆ ನನ್ನ ಹೆಸರು ಹೇಳಲಿಲ್ಲವಲ್ಲ ನೀವು. ಬಸದಿ ಮರ, ಬಸದಿ ಮರ ಅಂತ ಊರೆಲ್ಲ ಹೇಳಿಸಿದ್ರಿ, ಕದ್ದೋಳು ಇವಳೇ ಅಂತ ಮಾತ್ರ ಬಾಯಿ ಬಿಡಲಿಲ್ಲ. ದೊಡ್ಡೋರು ನೀವು.”

ನನಗೇನೂ ಅರ್ಥವಾಗಲಿಲ್ಲ. ಮರುದೇವಮ್ಮನಿಗೆ ಅರ್ಥವಾಯಿತು. ಅವಳು ಕಂಚಮ್ಮನವರ ಪಕ್ಕದಲ್ಲಿ ಕುಳಿತು, “ಯಾವಾಗ ಕದ್ರಿ, ಅಕ್ಕಾ?” ಎಂದು, ಹುಳಿಗೆ ಉಪ್ಪು ಯಾವಾಗ ಹಾಕಿದಿರಿ ಎಂದು ಕೇಳುವ ಸ್ವರದಲ್ಲಿ ಕೇಳಿದಳು.

“ಹದಿನೇಳು ವರ್ಷ ಆಗ ನನಗೆ. ಹೊಸ ಸೊಸೆ. ಹಗಲೆಲ್ಲ ಭಟ್ಟಿ ಮುಂದೆ. ತಲೆಗೂದಲು, ಸೀರೆ, ಹಾಸಿಗೆ, ಎಲ್ಲ ಹೊಗೆ ವಾಸನೆ. ನೀರಿಗೆ ಹೋಗೋವಾಗ ಬಸದಿ ಗೋಡೆ ಹತ್ರ ಬಂದ್ರೆ ಆ ಹೂವಿನ ಘಮ. ಬೇರೆ ಜಾತಿ ಹುಡುಗಿ, ಕೇಳೋಕೆ ಧೈರ್ಯ ಬರಲಿಲ್ಲ. ಗೋಡೆ ಹತ್ತಿ ಗೂಟಿ ಕಟ್ದೆ. ಮೊದಲ ಆಷಾಢ ಮಂಡಕ್ಕಿ ಚೀಲದಲ್ಲಿ ಅಡಗಿಸಿ ಅಲ್ಲೇ ಗೋಡೆ ಮರೇಲಿ ಮೂರು ದಿನ ಇಟ್ಟು ತಂದೆ. ಆಮೇಲೆ ತಾಯಿಮರ ಸತ್ತೋಯ್ತು. ಇದು ನೆಲ ಹಿಡೀತು. ವರ್ಷಾವರ್ಷ ಬಸದಿ ಕಡೆ ವಾಲತ್ತೆ. ನೀರು ಹಾಕೋರು ಯಾರು? ಸರಪಳಿ ಹಾಕ್ಬಿಟ್ಟೆ.” ಖಾಲಿ ಲೋಟವನ್ನು ಬದಿಗೆ ಸರಿಸಿ, “ಆಷಾಢದಲ್ಲಿ ಸರಪಳಿ ಕಿರುಗುಟ್ತಾ ಇರತ್ತೆ. ನಲವತ್ತು ವರ್ಷ ಆಯ್ತು, ನಾನು ಆ ತಿಂಗಳು ಕಿವಿಗೆ ಹತ್ತಿ ಇಟ್ಕೊಂಡೇ ಮಲಗೋದು” ಎಂದರು.

“ಅದಕ್ಕೇ ಯಾರಿಗೂ ಗೂಟಿ ಕೊಡಲಿಲ್ಲ” ಎಂದಳು ಮರುದೇವಮ್ಮ.

“ಕೊಡೋಕೆ ಆಸೆ ಇರಲಿಲ್ವಾ? ಕೊಡೋವಾಗ ಹೆಸರು ಹೇಳ್ಬೇಕಲ್ಲಮ್ಮ. ಇವಳ ತಾಯಿ ಎಲ್ಲಿಯೋಳು ಅಂದ್ರೆ ಏನು ಹೇಳ್ಲಿ? ಜಂಭ ಅಂದ್ರು ಜನ. ಅನ್ನಲಿ ಬಿಡು ಅಂತ ಇದ್ದೆ.”

ಇನ್ನು ನಾನು ಸುಮ್ಮನಿರುವಂತಿರಲಿಲ್ಲ. ಒಳಗಿನಿಂದ ಹಂಡೆಯನ್ನು ತಂದು ಅವರ ಮುಂದಿರಿಸಿ, ಅದು ಪವಾಡವಲ್ಲವೆಂದೂ, ನಾನೇ ಅವರ ಕೊಂಬೆಗೆ ಗೂಟಿ ಕಟ್ಟಿ ಕದ್ದೆನೆಂದೂ ತಲೆ ತಗ್ಗಿಸಿ ಹೇಳಿದೆ.

ಕಂಚಮ್ಮನವರು ನನ್ನನ್ನು ಕನಿಕರದಿಂದ ನೋಡಿದರು. “ಅದು ಗೊತ್ತಿಲ್ವೇ ನನಗೆ? ಚೀಲ ಮರೆತು ಸಂತೆಯಿಂದ ಅರ್ಧದಾರೀಲೇ ವಾಪಸ್ ಬಂದಿದ್ದೆ ಅವತ್ತು. ಗೋಡೆ ಮೇಲಿಂದ ನೋಡಿದ್ರೆ ಗಂಡಹೆಂಡ್ತಿ ಇರುವೆ ಹತ್ತಿಸ್ಕೊಂಡು ಕುಣೀತಿದ್ರಿ. ನಗು ತಡೆಯೋಕೆ ಸೆರಗು ಬಾಯಿಗೆ ತುರುಕ್ಕೊಂಡೆ. ಕದ್ರೆ ಕದೀಲಿ, ನಾನು ಹೆಸರು ಹೇಳೋದು ತಪ್ಪತ್ತೆ, ಮಗಳೊಬ್ಬಳು ಒಳ್ಳೇ ಮನೆ ಸೇರ್ತಾಳೆ ಅಂದ್ಕೊಂಡೆ. ಆದ್ರೆ ಪಂಡಿತ್ರೇ, ಗೂಟಿಗೆ ಬೆಲ್ಲ ಹಾಕ್ತಾರೇನ್ರಿ ಯಾರಾದ್ರೂ?”

“ಗ್ರಂಥದಲ್ಲಿ...”

“ಮಾರನೇ ದಿನವೇ ನಮ್ಮ ಕಡೆಯಿಂದ ಏಣಿ ಹಾಕಿ, ಬಿಚ್ಚಿ, ಬೆಲ್ಲ ತೊಳೆದು, ಬೇರೆ ಪಾಚಿ ಕಟ್ಟಿದೋಳು ನಾನು. ಪಾಚಿ ಒಣಗೋಕೆ ಬಿಡದೆ ನೀರು ಕುಡಿಸಿದೋಳೂ ನಾನು. ನಿಮ್ಮ ಕೈಗೆ ಬಿಟ್ಟಿದ್ರೆ ಆ ಕೊಂಬೆ ಬೆಲ್ಲದ ಪಾಕದ ಗುಳಂಬ ಆಗಿರೋದು.”

ನನ್ನ ಕೈಗುಣದ ವಿಷಯದಲ್ಲಿ ನಾನು ಇರಿಸಿಕೊಂಡಿದ್ದ ಅಭಿಮಾನ ಅಲ್ಲಿಯೇ ಕಳಚಿಬಿತ್ತು. ಆದರೂ ಒಂದು ಸಂದೇಹ ಎದ್ದಿತು. “ಕೊಡದುದನ್ನು ಕೊಳ್ಳುವುದು ಕಳವು. ಆದರೆ ಉಳ್ಳವರೇ ನೀರೆರೆದು ಬೆಳೆಸಿ ಕೊಳ್ಳಗೊಟ್ಟರೆ, ಒಂದು ನಯದಿಂದ ಅದು...”

“ಮತ್ತೆ ಏಳು ಶುರು ಮಾಡ್ಬೇಡಿ” ಎಂದಳು ಮರುದೇವಮ್ಮ.

ಕಂಚಮ್ಮನವರು ಉಪಾಯ ಸೂಚಿಸಿದರು. “ಕತ್ತಲಾದ ಮೇಲೆ ಹಂಡೇನ ಗೋಡೆ ಮೇಲಿಂದ ನಮ್ಮ ಕಡೆ ಇಳಿಸಿಬಿಡಿ. ನಾಲ್ಕು ದಿನ ಇಟ್ಕೊಂಡು ಹಾಗೇ ವಾಪಸ್ ದಾಟಿಸ್ತೀನಿ. ಗಿಡ ಬದುಕತ್ತೆ, ನಿಮ್ಮ ಮರ್ಯಾದೆ ನಿಮಗೆ, ನನ್ನದು ನನಗೆ.”

ಎಂಥ ಸುಲಭವಾದ ದಾರಿ! ನಾನು ಆಗಲೇ ಗೋಡೆಯ ಎತ್ತರವನ್ನು ಮನಸ್ಸಿನಲ್ಲಿ ಅಳೆಯುತ್ತಿದ್ದೆ. ಮರುದೇವಮ್ಮ ಗಿಡದ ಮೂರು ಎಲೆಗಳನ್ನು ಸೆರಗಿನಿಂದ ಒರಸುತ್ತಿದ್ದವಳು ತಲೆಯೆತ್ತಲಿಲ್ಲ.

“ಮಗಳನ್ನ ತವರಿಗೆ ಹಿತ್ತಲ ಗೋಡೆ ಹಾರಿಸಿ ಕಳಿಸ್ತಾರೇನ್ರಿ? ವರ್ಷಾವರ್ಷ ಹೀಗೇ ಹಾರಿಸ್ತೀರಾ? ಆಮೇಲೆ ನೀವೂ ಒಂದು ಸರಪಳಿ ತರ್ತೀರಿ.”

ಇಬ್ಬರು ಕಳ್ಳರೂ ನೆಲ ನೋಡಿದೆವು.

ಮೂರನೆಯ ದಿನ ಬೆಳಿಗ್ಗೆ ನಾನು ಹಂಡೆಯನ್ನು ತಲೆಯ ಮೇಲೆ ಹೊತ್ತು, ನಡುಬೀದಿಯಲ್ಲಿ ನಡೆದು ಬಸದಿಗೆ ಹೋದೆ. ಪವಾಡದ ಗಿಡ ಸ್ವಾಮಿಯ ದರ್ಶನಕ್ಕೆ ಬರುತ್ತಿದೆಯೆಂದು ಜನ ದಾರಿ ಬಿಟ್ಟು ಕೈಮುಗಿದರು. ಪೀಠದ ಪಕ್ಕದಲ್ಲಿ, ಗರ್ಭಗುಡಿಗೆ ಎದುರಾಗಿ ಇಳಿಸಿದೆ. ಸಭೆಯೆಲ್ಲ ಉಸಿರು ಹಿಡಿದು ನೋಡುತ್ತಿದ್ದಂತೆ ಗಿಡ ಮೆಲ್ಲಗೆ ಮೈತಿರುಗಿಸಿ, ಸ್ವಾಮಿಗೆ ಬೆನ್ನು ಮಾಡಿ, ಬಂದ ದಾರಿಯ ಕಡೆಗೆ, ಮಂಡಕ್ಕಿ ಭಟ್ಟಿಯ ಕಡೆಗೆ ನೆಟ್ಟನೆ ವಾಲಿತು.

“ಗುರುಗಳೇ, ಗಿಡ ತಪ್ಪು ತಿಳ್ಕೊಂಡಿದೆ” ಎಂದ ಧರಣಪ್ಪ.

“ತಪ್ಪು ಗಿಡದ್ದಲ್ಲಪ್ಪಾ” ಎಂದು ಆರಂಭಿಸಿದೆ. ಮೊದಲ ದಿನ ಅಹಿಂಸೆಯನ್ನು ಹೇಳುವಾಗ ಮುಚ್ಚಿಟ್ಟ ಈ ಕೈ ಚಾಕು ಹಿಡಿದಿತ್ತೆಂದೂ, ಎರಡನೆಯ ದಿನ ಸತ್ಯವನ್ನು ಹೇಳಿದ ಈ ನಾಲಗೆ ಧರಣಪ್ಪನಿಗೆ ಸುಳ್ಳಾಡಿತೆಂದೂ, ಮೂರನೆಯ ವ್ರತದ ಮೇಲೆ ಮಾತನಾಡುವ ಯೋಗ್ಯತೆ ನನಗಿಲ್ಲದಿರುವುದರಿಂದ ಅದನ್ನು ಮುರಿದ ಬಗೆಯನ್ನಷ್ಟೇ ಹೇಳುತ್ತೇನೆಂದೂ ಹೇಳಿ, ಏಣಿಯಿಂದ ಇರುವೆಯವರೆಗೆ ಎಲ್ಲವನ್ನೂ ಒಪ್ಪಿಸಿದೆ. ಮೂವತ್ತು ವರ್ಷಗಳಲ್ಲಿ ನನ್ನ ಪ್ರವಚನದಲ್ಲಿ ಒಬ್ಬರೂ ತೂಕಡಿಸದ ದಿನ ಅದೊಂದೇ.

ಮಾತು ಮುಗಿಯುವಷ್ಟರಲ್ಲಿ ಹಿಂದುಗಡೆಯಿಂದ ಕಂಚಮ್ಮನವರು ಎದ್ದು ನಿಂತರು. “ಅವರದು ಸಣ್ಣ ಕಳವು. ದೊಡ್ಡದು ನಂದು. ಕೇಳಿ ಎಲ್ಲರೂ” ಎಂದು ಗಂಟಲು ಸರಿಮಾಡಿಕೊಂಡು, ಗೂಟಿ ಕೊಡುವವರು ಹೇಳುವ ಧಾಟಿಯಲ್ಲಿಯೇ ಹೇಳಿದರು. “ಈ ಮಗುವಿನ ತಾಯಿ ನನ್ನಂಗಳದ ಮರ. ಅದರ ತಾಯಿ ಈ ಬಸದಿ ಮರ. ಅದರಾಚೆ ನನಗೆ ಗೊತ್ತಿಲ್ಲ. ಸ್ವಾಮಿಗೆ ಗೊತ್ತಿರಬಹುದು.”

ಸಭೆಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. ಎಲ್ಲರೂ ಧರಣಪ್ಪನ ಮುಖ ನೋಡಿದರು. ಅವನು ಬೆರಳು ಮಡಿಸಿ ಏನನ್ನೋ ಲೆಕ್ಕ ಹಾಕಿ, ಕೊನೆಗೆ, “ಹಾಗಾದ್ರೆ ಬಸದಿ ಆ ಮರಕ್ಕೆ ತವರು. ನಲವತ್ತು ಕೊಡ ನೀರು ಬಾಕಿ ಇದೆಯಲ್ಲರೀ!” ಎಂದು ಕೂಗಿ ಬಾವಿಗೆ ಓಡಿದ.

ಸಭೆಯೆಲ್ಲ ಭಟ್ಟಿಗೆ ಹೋಯಿತು. ಮೊದಲು ನಾನು ಹಂಡೆಯನ್ನು ತಾಯಿಮರದ ಬುಡದಲ್ಲಿ ಇಳಿಸಿದೆ. ಕಂಚಮ್ಮನವರು ಸರಪಳಿಯ ಕೊಂಡಿ ಬಿಚ್ಚಿದರು. ಅದು ತುಕ್ಕು ಹಿಡಿದು ಬಿಚ್ಚದಿದ್ದಾಗ ಮಂಡಕ್ಕಿ ಹುರಿಯುವ ಜಾಲರಿಯ ಹಿಡಿಯಿಂದ ಕುಟ್ಟಿದರು. ಕೊಂಡಿ ಹಾರಿತು. ಮರ ಒಂದು ನಿಟ್ಟುಸಿರಿನಂಥ ಸದ್ದು ಮಾಡಿ, ಅಂಗಳದಲ್ಲಿದ್ದವರೆಲ್ಲ ಕಿರಿಚಿಕೊಂಡು ಓಡುವಷ್ಟು ಕೆಳಕ್ಕೆ, ಬಸದಿಯ ಕಡೆಗೆ ಬಾಗಿತು. ಧರಣಪ್ಪ ಓಡಲಿಲ್ಲ. ಬುಡಕ್ಕೆ ಕೊಡ ಬಗ್ಗಿಸಿ, “ಇಷ್ಟು ತಡ ಮಾಡೋದಾ ತಾಯಿ, ಹೇಳಿಕಳಿಸಬಾರದಿತ್ತಾ” ಎಂದು ಗದ್ಗದನಾದ. ನಲವತ್ತನೆಯ ಕೊಡದ ವೇಳೆಗೆ ಅಂಗಳವೆಲ್ಲ ಕೆಸರು, ಭಟ್ಟಿಯ ಬೆಂಕಿ ಆರಿತ್ತು, ಮರ ನೆಟ್ಟಗೆ ನಿಂತಿತ್ತು. ಸಂಜೆ ಮರುದೇವಮ್ಮ ಹೋಗಿ ನೋಡಿಬಂದು, ಗಿಡದಲ್ಲಿ ಒಂದು ಚಿಗುರು ಕಣ್ಣು ಬಿಟ್ಟಿದೆಯೆಂದು ಹೇಳಿದಳು. ಹೇಳುವಷ್ಟರಲ್ಲಿ ಸೂರ್ಯ ಮುಳುಗಿದ್ದ. ನಾನು ಊಟದ ಮಾತೆತ್ತಲಿಲ್ಲ.

ಆ ರಾತ್ರಿ ನನ್ನನ್ನು ಕಾಡಿದ್ದು ಹಸಿವಲ್ಲ. ಗಿಡ ಬದುಕಿತು, ಉಪಾಧ್ಯಾಯ? ಕಳ್ಳನ ಬಾಯಿಂದ ಧರ್ಮ ಕೇಳಲು ಯಾರು ಬಂದಾರು? ನಾಳೆ ಖಾಲಿ ಸಭೆಗೆ ನಾಲ್ಕನೆಯ ವ್ರತವಾದ ಬ್ರಹ್ಮಚರ್ಯವನ್ನು, ಗೃಹಸ್ಥನು ಪರಸ್ತ್ರೀಯರ ಕಡೆ ಕಣ್ಣೆತ್ತಬಾರದೆಂಬುದನ್ನು, ಕಂಬಗಳಿಗೇ ಹೇಳಿ ಬರಬೇಕೆಂದು ಮನಸ್ಸನ್ನು ಗಟ್ಟಿಮಾಡಿಕೊಂಡೆ.

ಬೆಳಿಗ್ಗೆ ಹೋಗಿ ನೋಡಿದರೆ ಬಸದಿಯಲ್ಲಿ ಕಾಲಿಡಲು ಜಾಗವಿಲ್ಲ. ಒಳಗೆ ಹಿಡಿಯದವರು ಗೋಡೆಯ ಮೇಲೆ ಕುಳಿತಿದ್ದರು. ಎಂದೂ ಬಸದಿಯ ಮೆಟ್ಟಿಲು ಹತ್ತದ ಗಾಣದವರು, ನೇಯ್ಗೆಯವರು ಹೆಂಡಿರು ಮಕ್ಕಳೊಡನೆ ಬಂದಿದ್ದರು. ಕಂಚಮ್ಮನವರು ನಡುವೆ ಕುಳಿತು ಸುತ್ತಲಿನವರಿಗೆ ಮಂಡಕ್ಕಿ ಹಂಚುತ್ತಿದ್ದರು. ಪಶ್ಚಾತ್ತಾಪದಿಂದ ಶುದ್ಧನಾದವನ ಮೇಲೆ ಜನಕ್ಕೆ ಇಷ್ಟೊಂದು ಗೌರವವೆ ಎಂದು ನನ್ನ ಕಣ್ಣು ತುಂಬಿತು. ಪೀಠದತ್ತ ಹೋಗುವಾಗ ಕಂಬದ ಮರೆಯಲ್ಲಿ ಇಬ್ಬರು ಪಿಸುಗುಟ್ಟುವುದು ಕೇಳಿಸಿತು.

“ಒಂದು, ಎರಡು, ಮೂರು, ಎಲ್ಲ ಸಾಲಾಗಿ ಒಪ್ಕೊಂಡಿದಾರೆ. ಇವತ್ತು ನಾಲ್ಕನೇದು.”

“ಯಾರಂತೆ?”

“ಸುಮ್ನಿರು, ಅವರೇ ಹೇಳ್ತಾರೆ.”

ಮೊದಲನೆಯ ಸಾಲಿನ ನಟ್ಟನಡುವೆ, ಎರಡು ಕೈಗಳನ್ನೂ ಕಟ್ಟಿಕೊಂಡು, ಮರುದೇವಮ್ಮ ಕುಳಿತಿದ್ದಳು. “ಹೇಳಿ, ನಾನೂ ಕೇಳ್ತೀನಿ” ಎಂದಳು.

ಒಂದೂವರೆ ಗಂಟೆ ಮಾತನಾಡಿದೆ. ವ್ರತದ ಲಕ್ಷಣವನ್ನು ಹೇಳಿದೆ, ಅದನ್ನು ಕೆಡಿಸುವ ಐದು ಅತಿಚಾರಗಳನ್ನು ವಿವರಿಸಿದೆ. ನಾನು ನೀರು ಕುಡಿಯಲು ನಿಲ್ಲಿಸಿದಾಗಲೆಲ್ಲ ಸಭೆ ಮುಂದಕ್ಕೆ ಬಾಗುತ್ತಿತ್ತು. ಕಡೆಗೆ ಮಂಗಳ ಹೇಳಿ ಗ್ರಂಥ ಕಟ್ಟಿದೆ. ಒಂದು ದೀರ್ಘವಾದ ನಿಟ್ಟುಸಿರು ಬಸದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಹೀಗೆ ನಿರಾಶರಾದ ಧರ್ಮಶ್ರೋತೃಗಳನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎಲ್ಲರೂ ಹೊರಟಮೇಲೆ ಗಾಣದ ಮುದುಕನೊಬ್ಬ ಹತ್ತಿರ ಬಂದು, ನನ್ನ ಮುಖ ನೋಡಿ ಮರುಗಿ, ಬೆನ್ನು ತಟ್ಟಿ ಹೇಳಿದ.

“ಬೇಜಾರು ಮಾಡ್ಕೋಬೇಡಿ, ಪಂಡಿತ್ರೇ. ನಾಳೆ ಐದನೇದು ಇದೆಯಲ್ಲ.”

ಈ ಕಥೆಯನ್ನು ಓದಿದವರಿಗೂ ಓದಿಸಿ ಕೇಳಿದವರಿಗೂ, ನಡುವೆ ತೂಕಡಿಸಿ ಕೊನೆಗೆ ಎಚ್ಚೆತ್ತವರಿಗೂ ಶ್ರೀಜಿನನು ಒಳಿತು ಮಾಡಲಿ. ನೀವು ಸೇರಿದ ಮಣ್ಣು ನಿಮಗೆ ಒಗ್ಗಲಿ. ನೀವು ಬಿಟ್ಟುಬಂದ ಅಂಗಳದಲ್ಲಿ ನಿಮ್ಮ ಹೆಸರು ಹಿಡಿದು ಕರೆಯುವವರೊಬ್ಬರು ಇರಲಿ. ಒಪ್ಪಿಕೊಳ್ಳಬೇಕಾದ ತಪ್ಪುಗಳು ನಿಮ್ಮ ಪಾಲಿಗೆ ಸಣ್ಣವಾಗಿರಲಿ, ಕ್ಷಮಿಸುವವರು ಪಕ್ಕದ ಮನೆಯಲ್ಲಿಯೇ ದೊರೆಯಲಿ, ಮತ್ತು ನಿಮ್ಮ ಊಟ ಹೊತ್ತಿಗೆ ಸರಿಯಾಗಿ ಆಗಲಿ. ಶುಭವಾಗಲಿ.